ಬಿಲ್ ನೋಡಿ ತಿಂಡಿ ಯಾವ್ದು ಅಂತ ಹೇಳಕ್ಕಾಗುತ್ತಾ?

ಓದುಗರ ಗಣಿತ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪತ್ರ ಒಂದೇ ವಿಷಯ ಹಿಡ್ಕೊಂಡು ಬಂದಿವೆ, ಒನ್-ಟು-ಒನ್ ಫಂಕ್ಷನ್ ಮತ್ತೆ ಇನ್ವರ್ಸ್. ಡೊಂಬಿವಲಿಯಿಂದ ಒಂದು, ವಾಸ್ಕೋದಿಂದ ಒಂದು, ಪುಣೆ ಕಡೆಯಿಂದ ಒಂದು, ಮುಲುಂಡಿಂದ ಒಂದು. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಪೂರ್ತಿ ಇದಕ್ಕೇ ಜಾಗ ಕೊಡ್ತೀನಿ.

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗ ಹನ್ನೊಂದನೇ ಕ್ಲಾಸು, ಸೈನ್ಸ್. ಯೂನಿಟ್ ಟೆಸ್ಟಲ್ಲಿ "ಎಫ್ ಆಫ್ ಎಕ್ಸ್ = ಎಕ್ಸ್² − 4ಎಕ್ಸ್ + 7, ಇದಕ್ಕೆ ಇನ್ವರ್ಸ್ ಇದ್ಯಾ, ಇದ್ರೆ ಕಂಡುಹಿಡಿ" ಅಂತ ಬಂದಿತ್ತು. ಟ್ಯೂಷನಲ್ಲಿ ಎಕ್ಸ್ ಇದ್ದಲ್ಲಿ ವೈ ಹಾಕು, ವೈ ಇದ್ದಲ್ಲಿ ಎಕ್ಸ್ ಹಾಕು ಅಂತ ಹೇಳ್ಕೊಟ್ಟಿದ್ರಂತೆ, ಇವ್ನು ಹಾಗೇ ಮಾಡಿ ಒಂದು ಪುಟ ತುಂಬಿಸಿದಾನೆ, ಸೊನ್ನೆ ಬಂದಿದೆ. ಎರಡು ದಿನದಿಂದ ಮಾತಾಡ್ತಿಲ್ಲ. ನಾನು ಓದಿದ್ದು ಬಿಕಾಂ, ಈ ಪಾಠ ಮಾಡಿದ ನೆನಪೇ ಇಲ್ಲ. ನಂಗೆ ಅರ್ಥ ಆಗೋ ಹಾಗೆ ಹೇಳಿ, ನಾನು ಅವ್ನಿಗೆ ಕೂತು ಹೇಳ್ತೀನಿ.
— ಡೊಂಬಿವಲಿ ಈಸ್ಟಿಂದ ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದ್ಲು ಹುಡುಗನಿಗೆ ಒಂದು ಮಾತು ಹೇಳಿ, ಅವನ ಕೈ ತಪ್ಪಿಲ್ಲ. ಲೆಕ್ಕ ಶುರು ಮಾಡೋಕೆ ಮುಂಚೆ ಕೇಳ್ಕೋಬೇಕಾಗಿದ್ದ ಒಂದು ಪ್ರಶ್ನೆ ಇತ್ತು, ಅದನ್ನ ಅವ್ನಿಗೆ ಯಾರೂ ಹೇಳ್ಕೊಟ್ಟಿಲ್ಲ. ಇನ್ವರ್ಸ್ ಅಂದ್ರೆ ಬಂದ ದಾರೀಲಿ ವಾಪಸ್ ಹೋಗೋದು. ಹಾಗಾದ್ರೆ ಮೊದಲ್ನೇ ಪ್ರಶ್ನೆ, ವಾಪಸ್ ಹೋಗಕ್ಕೆ ಆಗುತ್ತಾ? ಇದನ್ನ ಬಿಟ್ಟು ನೇರ ಎಕ್ಸ್ ವೈ ಅದಲುಬದಲು ಮಾಡೋದನ್ನ ಮಾತ್ರ ಮಕ್ಕಳಿಗೆ ಬಾಯಿಪಾಠ ಮಾಡಿಸ್ತಾರಲ್ಲ, ಅದು ನಂಗೆ ನಿಜಕ್ಕೂ ಬೇಜಾರಾಗುವ ವಿಷಯ, ಯಾಕಂದ್ರೆ ಪಾಠದ ಜೀವ ಇರೋದೇ ಆ ಪ್ರಶ್ನೇಲಿ.

ಪುಸ್ತಕ ಪಕ್ಕಕ್ಕಿಡಿ. ನಿಮ್ಮ ಸ್ಟೇಷನ್ ಹತ್ರ ಇರೋ ಯಾವುದಾದ್ರೂ ಒಂದು ಉಡುಪಿ ಹೋಟೆಲ್ ಒಳಗೆ ಹೋಗಿ ಕೂತಿದೀರ ಅಂತ ಇಟ್ಕೊಳ್ಳಿ. ಗೋಡೆ ಮೇಲೆ ರೇಟ್ ಬೋರ್ಡು, ಇಡ್ಲಿ 50, ಉಪ್ಮಾ 50, ಮೆದುವಡಾ 60, ಮಸಾಲೆ ದೋಸೆ 80. ತಿಂಡಿ ಹೆಸರು ಹೇಳಿದ್ರೆ ರೇಟ್ ಒಂದೇ ಒಂದು ಸಿಗುತ್ತೆ, ಇಡ್ಲಿಗೆ ಒಂದು ಸಲ 50 ಒಂದು ಸಲ 70 ಅಂತ ಬೋರ್ಡಲ್ಲಿ ಇರಲ್ಲ. ಇದೇ ಫಂಕ್ಷನ್. ಒಳಗೆ ಒಂದು ಹಾಕಿದ್ರೆ ಹೊರಗೆ ಖಚಿತವಾಗಿ ಒಂದೇ ಬರಬೇಕು, ಅಷ್ಟೇ ಷರತ್ತು. (ಮೇಲಿನ ಏಸಿ ರೂಮಲ್ಲಿ ರೇಟ್ ಬೇರೆ ಇದ್ರೆ ಅಲ್ಲಿನ ಬೋರ್ಡೇ ಬೇರೆ, ಅದು ಇನ್ನೊಂದು ಫಂಕ್ಷನ್.)

ಈಗ ಉಲ್ಟಾ ಬನ್ನಿ. ಗಲ್ಲಾದಲ್ಲಿ ಕೂತಿರೋ ಶೆಟ್ರ ಕೈಗೆ ಒಂದು ಚೀಟಿ ಹೋಗುತ್ತೆ, ಅದ್ರಲ್ಲಿ 80 ಅಂತ ಮಾತ್ರ ಇದೆ. ಒಂದೇ ಪ್ಲೇಟ್ ತಿಂದಿದಾರೆ ಅಂತ ಗೊತ್ತಿದ್ರೆ ಅವ್ರು ಕಣ್ಣು ಮುಚ್ಚಿ ಹೇಳ್ತಾರೆ, ಮಸಾಲೆ ದೋಸೆ. 60 ಬಂದ್ರೆ ಮೆದುವಡಾ. 50 ಬಂದ್ರೆ? ಇಡ್ಲಿನೋ ಉಪ್ಮಾನೋ, ಚೀಟಿ ಎಷ್ಟು ಹೊತ್ತು ನೋಡಿದ್ರೂ ಗೊತ್ತಾಗಲ್ಲ, ವೇಟರನ್ನ ಕೂಗಿಯೇ ಕೇಳಬೇಕು. ದುಡ್ಡಿನ ಲೆಕ್ಕ ಸರಿ ಇದೆ, ಬೋರ್ಡ್ ಸರಿ ಇದೆ, ಆದ್ರೂ ವಾಪಸ್ ಹೋಗೋ ದಾರಿ ಮುಚ್ಚಿಹೋಗಿದೆ, ಯಾಕಂದ್ರೆ ಎರಡು ಬೇರೆ ತಿಂಡಿ ಬಂದು ಒಂದೇ ನಂಬರ್ ಮೇಲೆ ಕೂತಿವೆ. ಹಾಗೆ ಯಾವ ಎರಡೂ ಒಂದೇ ಜಾಗಕ್ಕೆ ಬರದೆ ಇದ್ರೆ, ಪ್ರತಿಯೊಂದಕ್ಕೂ ತನ್ನದೇ ಬೇರೆ ಉತ್ತರ ಇದ್ರೆ, ಅದಕ್ಕೆ ಒನ್-ಟು-ಒನ್ ಅಂತಾರೆ. ಉಪ್ಮಾನ 55 ಮಾಡಿಬಿಡಿ, ಈಗ ಬೋರ್ಡ್ ಒನ್-ಟು-ಒನ್, ಈಗ ಬೋರ್ಡನ್ನ ಬಲದಿಂದ ಎಡಕ್ಕೂ ಓದಬಹುದು. ಹಾಗೆ ಬಲದಿಂದ ಎಡಕ್ಕೆ ಓದೋದೇ ಇನ್ವರ್ಸ್.

ಇಲ್ಲಿ ಹುಡುಗ್ರು ಯಾವಾಗ್ಲೂ ಜಾರೋ ಒಂದು ಜಾಗ ಇದೆ. "ಒಂದು ಹಾಕಿದ್ರೆ ಒಂದೇ ಬರುತ್ತೆ" ಅನ್ನೋದನ್ನೇ ಒನ್-ಟು-ಒನ್ ಅಂದ್ಕೊಂಡ್ಬಿಡ್ತಾರೆ. ಅಲ್ಲ, ಅದು ಎಲ್ಲಾ ಫಂಕ್ಷನಿಗೂ ಇರೋದೇ. ಒನ್-ಟು-ಒನ್ ಅನ್ನೋದು ಆಚೆ ಕಡೆಯಿಂದ ನೋಡೋ ಷರತ್ತು, ಬಂದ ಉತ್ತರಕ್ಕೆ ಒಬ್ಬನೇ ಒಡೆಯ ಇದಾನಾ ಅಂತ.

ಈಗ ನಿಮ್ಮ ಮಗನ ಲೆಕ್ಕಕ್ಕೆ ಬರೋಣ. ಎಕ್ಸ್² − 4ಎಕ್ಸ್ + 7. ಬರೀ ಎರಡು ಸಂಖ್ಯೆ ಹಾಕಿ ನೋಡ್ಸಿ ಅವ್ನಿಗೆ. ಎಕ್ಸ್ = 1 ಹಾಕಿದ್ರೆ 1 − 4 + 7, ಅಂದ್ರೆ 4. ಎಕ್ಸ್ = 3 ಹಾಕಿದ್ರೆ 9 − 12 + 7, ಅದೂ 4. ಇಡ್ಲಿ 50, ಉಪ್ಮಾ 50. ಇಲ್ಲಿಗೇ ತೀರ್ಮಾನ ಆಗೋಯ್ತು, ಎಲ್ಲಾ ಸಂಖ್ಯೆಗಳ ಮೇಲೆ ನೋಡಿದ್ರೆ ಇದು ಒನ್-ಟು-ಒನ್ ಅಲ್ಲ, ಇನ್ವರ್ಸ್ ಇಲ್ಲ. ಉತ್ತರ ಪತ್ರಿಕೇಲಿ ಈ ಎರಡು ಸಾಲು ಬರೆದಿದ್ರೆ ಸಾಕಿತ್ತು, ಒಂದು ಪುಟ ಬೇಡ.

1 ಮತ್ತೆ 3 ನಂಗೆ ಹೇಗೆ ಹೊಳೀತು ಅಂತ ಅವ್ನು ಕೇಳ್ತಾನೆ, ಕೇಳ್ಬೇಕು ಕೂಡ. ಅದೇ ಎಕ್ಸ್ಪ್ರೆಷನನ್ನ ಸ್ಕ್ವೇರ್ ಪೂರ್ತಿ ಮಾಡಿ ಬರೆದ್ರೆ (ಎಕ್ಸ್ − 2)² + 3 ಆಗುತ್ತೆ. ಗ್ರಾಫ್ ಹಾಕಿದ್ರೆ ಒಂದು ಬಟ್ಟಲಿನ ಆಕಾರ, ಅದರ ತಳ ಎಕ್ಸ್ = 2 ರಲ್ಲಿ, ಎತ್ತರ 3 ರಲ್ಲಿ. ತಳದಿಂದ ಎಡಕ್ಕೆ ಒಂದು ಹೆಜ್ಜೆ ಹೋದ್ರೂ ಬಲಕ್ಕೆ ಒಂದು ಹೆಜ್ಜೆ ಹೋದ್ರೂ ಎತ್ತರ ಒಂದೇ. ಗ್ರಾಫ್ ಹಾಳೆ ಮೇಲೆ ಸ್ಕೇಲನ್ನ ಅಡ್ಡಡ್ಡ ಮಲಗಿಸಿ ಕೆಳಗಿಂದ ಮೇಲಕ್ಕೆ ನಿಧಾನಕ್ಕೆ ಸರಿಸೋಕೆ ಹೇಳಿ. ಎಲ್ಲಾದ್ರೂ ಒಂದು ಕಡೆ ಸ್ಕೇಲು ಗೆರೆಯನ್ನ ಎರಡು ಜಾಗದಲ್ಲಿ ಮುಟ್ಟಿದ್ರೆ ಒನ್-ಟು-ಒನ್ ಅಲ್ಲ. ಪುಸ್ತಕದಲ್ಲಿ ಹಾರಿಜಾಂಟಲ್ ಲೈನ್ ಟೆಸ್ಟ್ ಅಂತ ಇರೋದು ಇದೇ. (ಸ್ಕೇಲನ್ನ ನೆಟ್ಟಗೆ ನಿಲ್ಲಿಸಿ ಎಡದಿಂದ ಬಲಕ್ಕೆ ಸರಿಸೋದು ಬೇರೆ ಟೆಸ್ಟು, ಅದು ಫಂಕ್ಷನ್ ಹೌದೋ ಅಲ್ವೋ ಅಂತ ನೋಡೋಕೆ.)

ಇಷ್ಟಕ್ಕೇ ನಿಲ್ಲಿಸಬೇಡಿ, ಚೆಂದ ಇರೋದು ಮುಂದೆ. ಬಟ್ಟಲನ್ನ ತಳದಲ್ಲಿ ನೆಟ್ಟಗೆ ಎರಡು ಹೋಳು ಮಾಡಿ ಬಲಗಡೆ ಹೋಳು ಮಾತ್ರ ಇಟ್ಕೊಂಡ್ರೆ? ಅಂದ್ರೆ ಎಕ್ಸ್ 2 ಅಥವಾ ಅದಕ್ಕಿಂತ ದೊಡ್ಡದು ಮಾತ್ರ ಅಂತ ಷರತ್ತು ಹಾಕಿದ್ರೆ, ಈಗ ಸ್ಕೇಲು ಎಲ್ಲೂ ಎರಡು ಕಡೆ ಮುಟ್ಟಲ್ಲ, ವಾಪಸ್ ದಾರಿ ತೆರೀತು. ಆಗ ಹೀಗೆ ಬರೀರಿ:

ವೈ = (ಎಕ್ಸ್ − 2)² + 3
ವೈ − 3 = (ಎಕ್ಸ್ − 2)²
ಎಕ್ಸ್ − 2 = √(ವೈ − 3)
ಎಕ್ಸ್ = 2 + √(ವೈ − 3)

ಮೂರನೇ ಸಾಲಲ್ಲಿ ಸ್ವಲ್ಪ ನಿಂತ್ಕೊಳ್ಳಿ. ಸ್ಕ್ವೇರ್ ರೂಟ್ ತೆಗೆಯೋವಾಗ ಪ್ಲಸ್ಸೂ ಬರಬಹುದು ಮೈನಸ್ಸೂ ಬರಬಹುದು, ಆದ್ರೆ ಎಕ್ಸ್ 2 ಕ್ಕಿಂತ ಕಮ್ಮಿ ಇಲ್ಲ ಅಂತ ನಾವೇ ಷರತ್ತು ಹಾಕಿರೋದ್ರಿಂದ ಎಕ್ಸ್ − 2 ಮೈನಸ್ ಆಗೋಕೆ ಸಾಧ್ಯ ಇಲ್ಲ, ಅದಕ್ಕೇ ಪ್ಲಸ್ ಮಾತ್ರ ಉಳೀತು. ಷರತ್ತು ಇಲ್ದೆ ಇದ್ರೆ ಇಲ್ಲಿ ಎರಡು ದಾರಿ ಕವಲೊಡೀತಿತ್ತು, ನಿಮ್ಮ ಮಗ ಒಂದು ಪುಟ ಬರೆದು ಸಿಕ್ಕಾಕೊಂಡಿದ್ದು ಬಹುಶಃ ಇಲ್ಲೇ.

ಮತ್ತೆ ನೋಡಿ, ಇಲ್ಲೀವರೆಗೆ ನಾನು ಎಕ್ಸ್ ವೈ ಅದಲುಬದಲು ಮಾಡೇ ಇಲ್ಲ. ಕ್ಲಾಸಲ್ಲೂ ನಾನು ಕೊನೇ ಸಾಲಿನವರೆಗೂ ಮಾಡಿಸ್ತಿರ್ಲಿಲ್ಲ. ಮೊದ್ಲು ವೈ ಇಟ್ಕೊಂಡು ಎಕ್ಸ್ ಎಷ್ಟು ಅಂತ ಕಂಡುಹಿಡಿ, ಅದೇ ನಿಜವಾದ ಕೆಲಸ, ವಾಪಸ್ ಪ್ರಯಾಣ ಅಲ್ಲಿಗೆ ಮುಗೀತು. ಆಮೇಲೆ, ಒಳಗೆ ಹಾಕೋದನ್ನ ಎಕ್ಸ್ ಅಂತ ಕರೆಯೋದು ರೂಢಿ ಆಗಿರೋದ್ರಿಂದ, ಹೆಸರು ಮಾತ್ರ ಬದಲಾಯಿಸಿ ಎಫ್ ಇನ್ವರ್ಸ್ ಆಫ್ ಎಕ್ಸ್ = 2 + √(ಎಕ್ಸ್ − 3) ಅಂತ ಬರೀ. ಅದಲುಬದಲು ಅನ್ನೋದು ಬೋರ್ಡಿನ ಹೆಸರು ಬದ್ಲಿಸಿದ ಹಾಗೆ. ಮೊದಲ್ನೇ ಸಾಲಲ್ಲೇ ಅದಲುಬದಲು ಮಾಡಿದ್ರೂ ಉತ್ತರ ಅದೇ ಬರುತ್ತೆ, ಅದು ತಪ್ಪಲ್ಲ, ಆದ್ರೆ ಹಾಗೆ ಕಲಿತವ್ರಿಗೆ ತಾವು ಏನು ಮಾಡ್ತಿದೀವಿ ಅನ್ನೋದು ಮರೆತು ಹೋಗುತ್ತೆ. ಜೊತೆಗೆ ಎಕ್ಸ್ ಇಲ್ಲಿ 3 ಕ್ಕಿಂತ ಕಮ್ಮಿ ಇರಬಾರದು ಅಂತ ಬರೆಯೋಕೆ ಹೇಳಿ, ಯಾಕಂದ್ರೆ ಬಟ್ಟಲಿನ ತಳ ಇದ್ದಿದ್ದೇ ಎತ್ತರ 3 ರಲ್ಲಿ, ಅದಕ್ಕಿಂತ ಕೆಳಗಿನ ಉತ್ತರ ಯಾವತ್ತೂ ಬಂದೇ ಇಲ್ಲ, ಬರದೆ ಇದ್ದವ್ರನ್ನ ವಾಪಸ್ ಕಳಿಸೋದು ಹೇಗೆ.

ಬಟ್ಟಲಿನ ಎಡಗಡೆ ಹೋಳು ಇಟ್ಕೊಂಡ್ರೆ ಇನ್ವರ್ಸ್ ಏನಾಗುತ್ತೆ ಅಂತ ಅವ್ನೇ ಮಾಡ್ಲಿ. ಸಹಾಯ ಮಾಡಬೇಡಿ.

ಪ್ರಶ್ನೆ: ಮೇಡಂ ನಮಸ್ಕಾರ್ರೀ. ನಾ ವಾಸ್ಕೋದಾಗ ಹನ್ನೆರಡನೇತ್ತ ಓದಾಕತ್ತೀನಿ, ನಮ್ಮೂರು ಬಾಗಲಕೋಟಿ ಕಡೆ. ಎಫ್ ಮ್ಯಾಲ ಮೈನಸ್ ಒಂದು ಅಂದ್ರ 1 ಭಾಗಿಸು ಎಫ್ ಅಂತ ಬರದೆ, ಸರ್ ಕೆಂಪ್ ಪೆನ್ನಿಲೆ ಅಡ್ಡಗೆರಿ ಎಳದ್ರು. 5ರ ಮ್ಯಾಲ ಮೈನಸ್ ಒಂದು ಇದ್ರ ಐದನೇ ಒಂದು ಆಕ್ಕೈತಿ, ಎಫ್‌ಗ್ಯಾಕ ಆಗೂದಿಲ್ರೀ?
— ವಾಸ್ಕೋದಿಂದ ಒಬ್ಬ ವಿದ್ಯಾರ್ಥಿ

ಉತ್ತರ: ತಮ್ಮಾ, ಈ ಗೊಂದಲ ನಿನ್ನದಲ್ಲ, ಚಿಹ್ನೆಯದು. 5 ಒಂದು ಸಂಖ್ಯೆ, ಎಫ್ ಒಂದು ಕೆಲಸ. ಸಂಖ್ಯೆಯ ತಲೆ ಮೇಲೆ ಮೈನಸ್ ಒಂದು ಕೂತ್ರೆ ಗುಣಾಕಾರವನ್ನ ಬಿಚ್ಚೋ ಸಂಖ್ಯೆ, ಅಂದ್ರೆ 5ನ್ನ ಅದರಿಂದ ಗುಣಿಸಿದ್ರೆ 1 ಬರುತ್ತೆ. ಕೆಲಸದ ತಲೆ ಮೇಲೆ ಕೂತ್ರೆ ಆ ಕೆಲಸವನ್ನ ಬಿಚ್ಚೋ ಕೆಲಸ, ಅಂದ್ರೆ ಇನ್ವರ್ಸ್. ಎರಡರಲ್ಲೂ ಬಿಚ್ಚೋದೇ ಇದೆ, ಬಿಚ್ಚೋ ಗಂಟು ಬೇರೆ ಬೇರೆ.

ಎಫ್ ಆಫ್ ಎಕ್ಸ್ = 2ಎಕ್ಸ್ + 3 ತಗೋ. ಒಳಗೆ 1 ಹಾಕಿದ್ರೆ 5 ಬರುತ್ತೆ. ಇನ್ವರ್ಸಿಗೆ 5 ಕೊಟ್ರೆ ಅದು 1 ವಾಪಸ್ ಕೊಡಬೇಕು. 3 ಕಳೆದು 2 ರಿಂದ ಭಾಗಿಸು, 5 − 3 = 2, ಅದರರ್ಧ 1, ಸರಿಯಾಯ್ತು. ನೀನು ಬರೆದ ಹಾಗೆ 1 ಭಾಗಿಸು (2ಎಕ್ಸ್ + 3) ಅಂತ ತಗೊಂಡು 5 ಹಾಕಿದ್ರೆ ಹದಿಮೂರನೇ ಒಂದು ಬರುತ್ತೆ, ಹೊರಟ ಊರಿಗೆ ಮುಟ್ಟಲೇ ಇಲ್ಲ.

ಈ ಮೈನಸ್ ಒಂದರ ಬರವಣಿಗೆಯನ್ನ ಜಾನ್ ಹರ್ಷೆಲ್ ಅನ್ನೋ ಇಂಗ್ಲಿಷ್ ಗಣಿತಜ್ಞ 1813ರಲ್ಲಿ ತನ್ನ ಲೇಖನದಲ್ಲಿ ಬಳಸಿದ. ಅವನ ಯೋಚನೆ ಅಚ್ಚುಕಟ್ಟಾಗೇ ಇತ್ತು, ಒಂದೇ ಕೆಲಸ ಎರಡು ಸಲ ಮಾಡಿದ್ರೆ ಮೇಲೆ 2, ಮೂರು ಸಲ ಮಾಡಿದ್ರೆ 3, ಹಾಗಾದ್ರೆ ಒಂದು ಸಲ ಬಿಚ್ಚಿದ್ರೆ ಮೈನಸ್ 1. ಆದ್ರೆ ನಾವು ಸೈನ್² ಅಂತ (ಸೈನ್ ಅಂದ್ರೆ ಕೋನ ಹಾಕಿದ್ರೆ ಒಂದು ಸಂಖ್ಯೆ ಕೊಡೋ ಟ್ರಿಗನಾಮೆಟ್ರಿ ಫಂಕ್ಷನ್) ಬರೆದಾಗ ಸೈನನ್ನ ಸ್ಕ್ವೇರ್ ಮಾಡು ಅಂತ ಅರ್ಥ ಮಾಡ್ಕೊಳ್ತೀವಿ, ಅದೇ ಸೈನ್ ಮೇಲೆ ಮೈನಸ್ 1 ಬಂದ್ರೆ ಬಿಚ್ಚು ಅಂತ ಅರ್ಥ ಮಾಡ್ಕೊಳ್ತೀವಿ, ಒಂದೇ ಜಾಗದಲ್ಲಿ ಎರಡು ನಿಯಮ. ಮಕ್ಕಳು ಎಡವೋದು ಸಹಜ, ಅದಕ್ಕೇ ಸೈನ್ ಇನ್ವರ್ಸಿಗೆ ಆರ್ಕ್‌ಸೈನ್ ಅಂತ ಬರೆದ್ರೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ನಿನ್ನ ಹತ್ರ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ರೆ, ಅಥವಾ ಮೊಬೈಲಲ್ಲಿ, ಡಿಗ್ರಿ ಮೋಡಲ್ಲಿ ಇಟ್ಟು ಸೈನ್ 150 ಒತ್ತು, 0.5 ಬರುತ್ತೆ. ಈಗ ಅದಕ್ಕೆ ಸೈನ್ ಇನ್ವರ್ಸ್ ಒತ್ತು. 150 ವಾಪಸ್ ಬರಲ್ಲ, 30 ಬರುತ್ತೆ! ಕ್ಯಾಲ್ಕುಲೇಟರ್ ಕೆಟ್ಟಿಲ್ಲ. ಸೈನ್ 30 ಕೂಡ 0.5, ಸೈನ್ 390 ಕೂಡ 0.5, ಹೀಗೆ ಲೆಕ್ಕ ಇಲ್ದಷ್ಟು ಕೋನಗಳು ಒಂದೇ ಉತ್ತರದ ಮೇಲೆ ಕೂತಿವೆ, ಅಂದ್ರೆ ಸೈನ್ ಒನ್-ಟು-ಒನ್ ಅಲ್ಲವೇ ಅಲ್ಲ. ಅದಕ್ಕೆ ಗಣಿತದವ್ರು −90 ರಿಂದ 90 ಡಿಗ್ರಿವರೆಗಿನ ತುಂಡು ಮಾತ್ರ ಕತ್ತರಿಸಿ ಇಟ್ಕೊಂಡಿದಾರೆ, ಮೇಲಿನ ಪತ್ರದಲ್ಲಿ ಬಟ್ಟಲು ಹೋಳು ಮಾಡಿದ ಹಾಗೇನೇ. ಆ ತುಂಡಿನಲ್ಲಿ 150 ಇಲ್ಲ, 30 ಇದೆ. ನಿಮ್ಮ ಹನ್ನೆರಡನೇ ಕ್ಲಾಸಿನ ಇನ್ವರ್ಸ್ ಟ್ರಿಗನಾಮೆಟ್ರಿ ಪಾಠದಲ್ಲಿ ಪ್ರಿನ್ಸಿಪಲ್ ವ್ಯಾಲ್ಯೂ ಅಂತ ಓದ್ತೀಯಲ್ಲ, ಅದು ಹುಟ್ಟಿದ್ದೇ ಈ ಕಾರಣಕ್ಕೆ.

ಪ್ರಶ್ನೆ: ನಾನು ಮುಲುಂಡಲ್ಲಿ ಮನೇಲೇ ಟ್ಯೂಷನ್ ಹೇಳ್ತೀನಿ. (2ಎಕ್ಸ್ + 1) ಭಾಗಿಸು (ಎಕ್ಸ್ − 3) ತರಹದ ಫಂಕ್ಷನ್ ಇನ್ವರ್ಸ್ ಮಾಡುವಾಗ ಮಕ್ಕಳು ಮಧ್ಯದಲ್ಲಿ ಕಳೆದುಹೋಗ್ತಾರೆ. ಸರಿ ಬಂತಾ ಇಲ್ವಾ ಅಂತ ಅವ್ರೇ ನೋಡ್ಕೊಳ್ಳೋಕೆ ಏನಾದ್ರೂ ದಾರಿ ಇದ್ಯಾ?
— ಮುಲುಂಡಿನ ಓದುಗರು

ಉತ್ತರ: ಕಳೆದುಹೋಗೋದು ಎಕ್ಸ್ ಎರಡು ಕಡೆ ಇರೋದ್ರಿಂದ. ವೈ(ಎಕ್ಸ್ − 3) = 2ಎಕ್ಸ್ + 1 ಅಂತ ಬರೆದು, ಎಕ್ಸ್ ಇರೋದೆಲ್ಲಾ ಎಡಕ್ಕೆ, ಇಲ್ಲದ್ದೆಲ್ಲಾ ಬಲಕ್ಕೆ ತಳ್ಳಿಸಿ, ಎಕ್ಸ್(ವೈ − 2) = 3ವೈ + 1. ಈಗ ಎಕ್ಸ್ = (3ವೈ + 1) ಭಾಗಿಸು (ವೈ − 2). ಸರಿಯಾ ಅಂತ ನೋಡೋಕೆ ಒಂದು ಸಂಖ್ಯೆಯನ್ನ ಕಳಿಸಿ ವಾಪಸ್ ಕರೆಸಿ. ಎಕ್ಸ್ = 5 ಹಾಕಿದ್ರೆ 11 ಭಾಗಿಸು 2, ಅಂದ್ರೆ 5.5. ಇನ್ವರ್ಸಿಗೆ 5.5 ಕೊಡಿ, ಮೇಲೆ 17.5, ಕೆಳಗೆ 3.5, ಉತ್ತರ 5. ಮನೆ ಸೇರ್ತು. ಒಂದು ಸಂಖ್ಯೆ ಮನೆ ಸೇರಿದ್ರೆ ಪೂರ್ತಿ ಪ್ರೂಫ್ ಆಗಲ್ಲ, ಆದ್ರೆ ಸೇರದೇ ಇದ್ರೆ ತಪ್ಪು ಅನ್ನೋದು ಗ್ಯಾರಂಟಿ, ಪರೀಕ್ಷೆ ಹಾಲಲ್ಲಿ ಅಷ್ಟು ಸಾಕು. 0 ಮತ್ತೆ 1 ಬಿಟ್ಟು ಬೇರೆ ಸಂಖ್ಯೆ ತಗೊಳ್ಳೋಕೆ ಹೇಳಿ, ಅವೆರಡು ಹಾಕಿದ್ರೆ ಕೆಲವು ತಪ್ಪು ಕಣ್ಣಿಗೆ ಬೀಳಲ್ಲ.

ಪ್ರಶ್ನೆ: ನಾನು ನಿವೃತ್ತ ಗುಮಾಸ್ತ, ಚಿಂಚ್ವಡದಲ್ಲಿ ಮಗನ ಮನೇಲಿದೀನಿ. ಮೊಮ್ಮಗಳು ಇನ್ವರ್ಸ್ ಅಂತ ಓದ್ತಿರ್ತಾಳೆ. ನಮ್ಮ ಹಳೇ ಗಣಿತದಲ್ಲಿ ಇಂಥದ್ದು ಇತ್ತೇ?
— ಚಿಂಚ್ವಡದ ಹಿರಿಯ ಓದುಗರು

ಉತ್ತರ: ಇತ್ತು ಅಜ್ಜಾ, ಚೆನ್ನಾಗೇ ಇತ್ತು. ಫಂಕ್ಷನ್ ಅನ್ನೋ ಕಲ್ಪನೆ ಈಗಿನ ರೂಪದಲ್ಲಿ ಇರ್ಲಿಲ್ಲ, ಆದ್ರೆ ವಾಪಸ್ ಹೋಗೋ ವಿಧಾನ ಇತ್ತು. ಆರ್ಯಭಟ 499ರ ತನ್ನ ಗ್ರಂಥದಲ್ಲಿ ಒಂದು ಶ್ಲೋಕದಲ್ಲೇ ಹೇಳಿದಾನೆ, ಉಲ್ಟಾ ಹೋಗುವಾಗ ಗುಣಿಸಿದ್ದನ್ನ ಭಾಗಿಸು, ಭಾಗಿಸಿದ್ದನ್ನ ಗುಣಿಸು, ಕೂಡಿಸಿದ್ದನ್ನ ಕಳಿ, ಕಳೆದಿದ್ದನ್ನ ಕೂಡಿಸು. ಆಮೇಲೆ 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ತನ್ನ ಗಣಿತ ಗ್ರಂಥ ಲೀಲಾವತಿಯಲ್ಲಿ ಈ ವಿಲೋಮ ವಿಧಿಯನ್ನ, ಅಂದ್ರೆ ಉಲ್ಟಾ ಹೋಗೋ ವಿಧಾನವನ್ನ ಹೇಳುವಾಗ, ವರ್ಗ ಮಾಡಿದ್ದಕ್ಕೆ ವರ್ಗಮೂಲ, ವರ್ಗಮೂಲಕ್ಕೆ ವರ್ಗ ಅನ್ನೋದನ್ನೂ ಸೇರಿಸಿ ಹೇಳ್ತಾನೆ. ಸಹ್ಯಾದ್ರಿ ತಪ್ಪಲಿನ ಊರಿನವನು ಅಂತ ಅವ್ನೇ ಬರ್ಕೊಂಡಿದಾನೆ. ಆ ಊರು ನಮ್ಮ ಬಿಜಾಪುರ ಅಂತ ಕೆಲವ್ರು, ಇಲ್ಲ ಚಾಳೀಸಗಾಂವ್ ಕಡೆ ಅಂತ ಕೆಲವ್ರು. ಚಾಳೀಸಗಾಂವ್ ಹತ್ರದ ಪಾಟಣದಲ್ಲಿ ಅವನ ಮೊಮ್ಮಗ ಚಂಗದೇವ 1207ರಲ್ಲಿ ಅಜ್ಜನ ಗ್ರಂಥಗಳನ್ನ ಓದಿಸೋಕೆ ಮಠ ಮಾಡಿಸಿದ್ದರ ಶಾಸನ ಇದೆ. ಎರಡೂ ಕಡೆಯವ್ರಿಗೂ ಅವನು ನಮ್ಮವನೇ, ಇಲ್ಲಿರೋ ನಮಗಂತೂ ಇನ್ನೂ ಹತ್ರ.

ವಿಲೋಮದಲ್ಲಿ ಮುಖ್ಯ ಏನಪ್ಪಾ ಅಂದ್ರೆ ಕ್ರಮ ಕೂಡ ತಿರುಗಬೇಕು. ಡೊಂಬಿವಲಿಯವ್ರು ಚರ್ಚ್‌ಗೇಟ್‌ಗೆ ಹೋಗುವಾಗ ಮೊದ್ಲು ಸೆಂಟ್ರಲ್ ಲೈನಲ್ಲಿ ದಾದರಿಗೆ ಬಂದು, ಬ್ರಿಜ್ ಹತ್ತಿ ಇಳಿದು, ಆಮೇಲೆ ವೆಸ್ಟರ್ನ್ ಹಿಡೀತಾರೆ. ಸಂಜೆ ವಾಪಸ್ ಬರುವಾಗ ಮೊದ್ಲು ವೆಸ್ಟರ್ನ್, ಆಮೇಲೆ ಬ್ರಿಜ್, ಕೊನೇಗೆ ಸೆಂಟ್ರಲ್. ಚರ್ಚ್‌ಗೇಟಲ್ಲಿ ನಿಂತು ಡೊಂಬಿವಲಿ ಲೋಕಲ್ ಕಾಯ್ತೀನಿ ಅಂದ್ರೆ ಬರಲ್ಲ. ಕೊನೇಗೆ ಮಾಡಿದ್ದನ್ನ ಮೊದ್ಲು ಬಿಚ್ಚಬೇಕು.

ಲೀಲಾವತಿಯಲ್ಲಿರೋ ಒಂದು ಲೆಕ್ಕ ನನ್ನ ಮಾತಲ್ಲಿ ಹೇಳ್ತೀನಿ, ಮೊಮ್ಮಗಳ ಜೊತೆ ಕೂತು ಮಾಡಿ. ಒಂದು ಸಂಖ್ಯೆ. ಅದನ್ನ 3 ರಿಂದ ಗುಣಿಸಿ, ಬಂದಿದ್ದಕ್ಕೆ ಅದರ ಮುಕ್ಕಾಲು ಕೂಡಿಸಿ, 7 ರಿಂದ ಭಾಗಿಸಿ, ಬಂದಿದ್ದರಲ್ಲಿ ಮೂರನೇ ಒಂದು ಭಾಗ ಕಳೆದು, ಅದನ್ನ ಅದರಿಂದಲೇ ಗುಣಿಸಿ, 52 ಕಳೆದು, ವರ್ಗಮೂಲ ತೆಗೆದು, 8 ಕೂಡಿಸಿ, 10 ರಿಂದ ಭಾಗಿಸಿದ್ರೆ 2 ಬರುತ್ತೆ. ಸಂಖ್ಯೆ ಯಾವುದು?

ಕೊನೇಯಿಂದ ಹೊರಡಿ. 2ನ್ನ 10 ರಿಂದ ಗುಣಿಸಿದ್ರೆ 20. 8 ಕಳೆದ್ರೆ 12. ವರ್ಗ 144. 52 ಕೂಡಿಸಿದ್ರೆ 196. ವರ್ಗಮೂಲ 14. ಮೂರನೇ ಒಂದು ಭಾಗ ಹೋಗಿ 14 ಉಳಿದಿದ್ರೆ ಮುಂಚೆ 21 ಇತ್ತು. 7 ರಿಂದ ಗುಣಿಸಿದ್ರೆ 147. ತನ್ನ ಮುಕ್ಕಾಲು ಸೇರಿ 147 ಆಗಿದ್ರೆ ಮುಂಚೆ 84. 3 ರಿಂದ ಭಾಗಿಸಿದ್ರೆ 28. ಇದೇ ಲೀಲಾವತಿಯ ಉತ್ತರ.

ಈಗ ಮೊಮ್ಮಗಳಿಗೆ ಕೇಳಿ, ನಡುವೆ ಒಂದು ಕಡೆ ಸಂಖ್ಯೆಯನ್ನ ಅದರಿಂದಲೇ ಗುಣಿಸಿದ್ವಲ್ಲ, ಆ ಹೆಜ್ಜೆ ಒನ್-ಟು-ಒನ್ ಹೌದಾ ಅಂತ. ಅಲ್ಲ, 14ರ ವರ್ಗವೂ 196, −14ರ ವರ್ಗವೂ 196. ಆ ಜಾಗದಲ್ಲಿ −14 ಹಿಡ್ಕೊಂಡು ವಾಪಸ್ ಬನ್ನಿ, −21, −147, −84, −28. ಹಾಳೆಯಲ್ಲಿ −28 ರಿಂದ ಶುರು ಮಾಡಿ ಮೇಲಿನ ಹೆಜ್ಜೆಗಳನ್ನೆಲ್ಲಾ ಒಂದೊಂದಾಗಿ ಮಾಡ್ಸಿ, ಅದಕ್ಕೂ ಕೊನೇಗೆ 2 ಬರುತ್ತೆ. ಭಾಸ್ಕರಾಚಾರ್ಯನಿಗೆ ಇದು ಗೊತ್ತಿರ್ಲಿಲ್ಲ ಅಂದ್ಕೋಬೇಡಿ. ಧನ ಸಂಖ್ಯೆಗೆ ವರ್ಗಮೂಲ ಧನವೂ ಹೌದು ಋಣವೂ ಹೌದು ಅಂತ ತನ್ನ ಬೀಜಗಣಿತದಲ್ಲಿ ಅವನೇ ಬರೆದಿದಾನೆ. ಲೀಲಾವತಿಯ ಈ ಲೆಕ್ಕದಲ್ಲಿ ಧನ ಸಂಖ್ಯೆಯನ್ನ ಮಾತ್ರ ಉತ್ತರವಾಗಿ ತಗೊಂಡ, ಡೊಂಬಿವಲಿ ಪತ್ರದ ಲೆಕ್ಕದಲ್ಲಿ ನಾವು ಬಟ್ಟಲಿನ ಬಲಗಡೆ ಹೋಳು ಮಾತ್ರ ಇಟ್ಕೊಂಡ ಹಾಗೆ. ಮೊಮ್ಮಗಳು ಲೆಕ್ಕ ಮುಗಿಸಿದ್ಮೇಲೆ ಅವಳ ಹಾಳೆಯ ಒಂದು ಫೋಟೋ ತೆಗೆಸಿ ಕಳಿಸಿ ಅಜ್ಜಾ, ನೋಡೋಕೆ ನಂಗೆ ಆಸೆ ಇದೆ.